ಕಷ್ಟ ಇರಲಿ, ಕಾಟ ಬೇಡ: ಆಡಿ ಮುಗಿಸಿದ, ಅರ್ಧಕ್ಕೇ ಬಿಟ್ಟ ಗೇಮ್‌ಗಳ ಬಗ್ಗೆ ನೇರ ಮಾತು

ಕುಕ್ಕರಹಳ್ಳಿ ಕಂಟ್ರೋಲರ್:
ಮೈಸೂರು, ಮಂಡ್ಯ ಕಡೆಯ ಗೇಮರ್‌ಗಳು ಇಲ್ಲಿ ಬರೀರಿ. 'ಗ್ರಾಫಿಕ್ಸ್ ಸೂಪರ್, ಸ್ಟೋರಿ ಬೆಂಕಿ' ಅಂತ ಒಂದು ಸಾಲು ಹಾಕಿ ಹೋಗೋದು ಬೇಡ. ಗೇಮ್ ಎಲ್ಲಿ ಚೆನ್ನಾಗಿದೆ, ಎಲ್ಲಿ ಹದ ತಪ್ಪಿದೆ, ಸಿಕ್ಕಿಹಾಕಿಕೊಂಡವರು ಏನು ಮಾಡಬೇಕು, ಅದು ಬೇಕಾಗಿರೋದು. ಕಥೆಯ ಕೊನೆ ಮಾತ್ರ ಬಿಚ್ಚಿಡಬೇಡಿ.

ನಾನೇ ಶುರು ಮಾಡ್ತೀನಿ. ಎಲ್ಡನ್ ರಿಂಗ್ (2022). ಮೊದಲ ಅರ್ಧ ಅಪ್ಪಟ ಚಿನ್ನ, ಲಿಮ್‌ಗ್ರೇವ್‌ನಷ್ಟು ಚೆನ್ನಾಗಿ ಕಟ್ಟಿದ ಮೊದಲ ನಕ್ಷೆ ಬೇರೆ ಗೇಮ್‌ಗಳಲ್ಲಿ ಅಪರೂಪ. ಹಿಮದ ಬೆಟ್ಟಗಳ ಪ್ರದೇಶಕ್ಕೆ ಬರೋ ಹೊತ್ತಿಗೆ ಗೇಮ್ ಸುಸ್ತಾಗಿರುತ್ತೆ: ಜಾಗ ಖಾಲಿ ಖಾಲಿ, ಹಿಂದೆ ಹೊಡೆದ ಬಾಸ್‌ಗಳೇ (ದೊಡ್ಡ ಶತ್ರುಗಳು) ಮತ್ತೆ ಎದುರಿಗೆ, ಒಂದೊಂದು ಏಟಿಗೂ ಅರ್ಧ ಜೀವ ಹೋಗುತ್ತೆ.

ಹೊಸಬರು ಕೈಬಿಡೋದು ಸ್ಟಾರ್ಮ್‌ವೇಲ್ ಕೋಟೆ ದಾರಿ ಕಾಯೋ ಮಾರ್ಗಿಟ್ ಅನ್ನೋ ಬಾಸ್ ಹತ್ತಿರ. ಕಾರಣ ಕೈಚಳಕ ಕಮ್ಮಿ ಅಂತಲ್ಲ. ಅವನು ಕೋಲು ಎತ್ತಿ, ಒಂದು ಕ್ಷಣ ತಡೆದು, ಆಮೇಲೆ ಬೀಸ್ತಾನೆ. ಎತ್ತಿದ್ದನ್ನ ನೋಡಿ ತಪ್ಪಿಸಿಕೊಳ್ಳೋಕೆ ರೋಲ್ ಮಾಡಿದರೆ (ಉರುಳಿದರೆ) ರೋಲ್ ಮುಗಿದ ಹೊತ್ತಿಗೆ ಸರಿಯಾಗಿ ಕೋಲು ಬೀಳುತ್ತೆ. ಕೋಲು ಕೆಳಗೆ ಬರೋಕೆ ಶುರುವಾದಾಗ ಮಾತ್ರ ರೋಲ್ ಒತ್ತಿ. ಅವನ ಹತ್ತಿರ ಹೋಗೋ ಮುಂಚೆ ಮೂರು ಕೆಲಸ ಮುಗಿಸಿಕೊಳ್ಳಿ. ಆಯುಧ ಮೂರು ಹಂತ ಬಲಪಡಿಸಿ +3 ಆಗಿರಲಿ. ಅದಕ್ಕೆ ಮೊದಲ ದರ್ಜೆಯ ಸ್ಮಿತಿಂಗ್ ಸ್ಟೋನ್ 2, 4, 6 ಹೀಗೆ ಒಟ್ಟು 12 ಬೇಕು, ಲಿಮ್‌ಗ್ರೇವ್ ಸುರಂಗದಲ್ಲೇ ಬಹುಪಾಲು ಸಿಗುತ್ತೆ, ಚರ್ಚ್ ಆಫ್ ಎಲೆ ಅಡಿಗಲ್ಲಿನಲ್ಲೇ ಹೊಡೆಸಬಹುದು. ವಿಗರ್ (ಜೀವ ಹೆಚ್ಚಿಸೋ ಅಂಕ) 20ಕ್ಕೆ ತನ್ನಿ. ಹೊತ್ತ ಭಾರ 70 ಪರ್ಸೆಂಟ್ ಒಳಗಿರಲಿ, ದಾಟಿದರೆ ರೋಲ್ ಅನ್ನೋದು ಗೋಣಿಚೀಲ ಉರುಳಿದ ಹಾಗಾಗುತ್ತೆ.

ಆಮೇಲೂ ವಿಗರ್ ಮೇಲೆ ಜಿಪುಣತನ ಬೇಡ. 20ರಲ್ಲಿ ಜೀವ 652, 40ರಲ್ಲಿ 1450, 60ರಲ್ಲಿ 1900. ಅಲ್ಲಿಂದಾಚೆ 99ರವರೆಗೆ ಹೋದರೂ 2100 ಅಷ್ಟೇ, ದಂಡ.

ಒಂಟಿಕೊಪ್ಪಲು ಓಲ್ಡ್‌ಸ್ಕೂಲ್:
ಸಾರ್, ಮಾರ್ಗಿಟ್‌ಗೆ ಇನ್ನೊಂದು ಅಸ್ತ್ರ ಇದೆ. ಮರ್ಕ್‌ವಾಟರ್ ಗುಹೆಯಲ್ಲಿರೋ ಪ್ಯಾಚಸ್ ಅನ್ನೋನನ್ನ ಕೊಲ್ಲದೆ ಬಿಟ್ಟರೆ 5000 ರೂನ್‌ಗೆ (ಗೇಮ್‌ನ ದುಡ್ಡು) ಮಾರ್ಗಿಟ್ಸ್ ಶ್ಯಾಕಲ್ ಅನ್ನೋ ಸಂಕೋಲೆ ಮಾರ್ತಾನೆ. ಬಳಸಿದರೆ ಬಾಸ್ ನೆಲಕ್ಕೆ ಬೀಳ್ತಾನೆ, ಆಗ ಹೊಡೀಬಹುದು. ಮೊದಲ ಹಂತದಲ್ಲಿ ಎರಡು ಸಲ ಮಾತ್ರ ಕೆಲಸ ಮಾಡುತ್ತೆ.

ಅದೂ ಬೇಡ ಅಂದರೆ ಕೋಟೆಯ ಪಕ್ಕದಲ್ಲೇ ಮುರಿದ ಸೇತುವೆ ಸುತ್ತಿಕೊಂಡು ಕುದುರೆ ಮೇಲೆ ನೇರ ಮುಂದಿನ ಪ್ರದೇಶ ಲಿಯುರ್ನಿಯಾಗೆ ಹೋಗಬಹುದು. ಲೆವೆಲ್ ಏರಿಸಿಕೊಂಡು ವಾಪಸ್ ಬಂದರೆ ಸ್ಟಾರ್ಮ್‌ವೇಲ್ ಸಲೀಸು. ಗೇಮ್ ಇದನ್ನ ಬಾಯಿಬಿಟ್ಟು ಹೇಳಲ್ಲ.

ಇನ್ನು ಆಟ ತಡೆದು ನಿಲ್ಲಿಸೋ ಪಾಸ್ ಬಟನ್ ಇಲ್ಲ ಅಂತ ಎಲ್ಲರೂ ಬೈತಾರೆ. ಮೆನು ತೆಗೆದು ಸಹಾಯದ ಬಟನ್ ಒತ್ತಿ, 'ಮೆನು ಎಕ್ಸ್‌ಪ್ಲನೇಷನ್' ಆರಿಸಿ. ಗೇಮ್ ನಿಂತುಬಿಡುತ್ತೆ. ಒಳಗಿಂದ ಅಮ್ಮ ಊಟಕ್ಕೆ ಕರೆದಾಗ ಇದೇ ಗತಿ.

ಚಾಮುಂಡಿ ಮೆಟ್ಟಿಲು:
ಎಲ್ಡನ್ ರಿಂಗ್ ಬಗ್ಗೆ ಒಪ್ತೀನಿ. ಹಾಲೋ ನೈಟ್ (2017) ಅದಕ್ಕಿಂತ ಒಂದು ಕೈ ಮೇಲು ಅಂತ ನನ್ನ ವಾದ. ಅಡಿಲೇಡ್‌ನ ಬೆರಳೆಣಿಕೆಯ ಜನ ಮಾಡಿದ ಗೇಮ್, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಆಟದ ಹದ ಎಲ್ಲೂ ಜಾರಲ್ಲ.

ಜನ ಬಿಡೋದು ಮೊದಲ ಭಾಗದಲ್ಲೇ. ನಕ್ಷೆ ಇಲ್ಲ, ದಾರಿ ತಿಳಿಯಲ್ಲ, ಬೇಜಾರು. ಹೊಸ ಜಾಗಕ್ಕೆ ಹೊಕ್ಕ ತಕ್ಷಣ ಯಾರೋ ಗುನುಗೋ ಸದ್ದು, ನೆಲದ ಮೇಲೆ ಬಿದ್ದ ಕಾಗದಗಳು ಕಂಡರೆ ಆ ಕಡೆ ಹೋಗಿ, ಕಾರ್ನಿಫರ್ ನಕ್ಷೆ ಮಾರ್ತಾ ಕೂತಿರ್ತಾನೆ. ಊರಿಗೆ ವಾಪಸ್ ಬಂದು ಅವನ ಹೆಂಡತಿ ಇಸೆಲ್ಡಾ ಅಂಗಡಿಯಲ್ಲಿ ಕ್ವಿಲ್ (ಗರಿಯ ಲೇಖನಿ) ತಗೊಳ್ಳಿ, ಇಲ್ಲದಿದ್ದರೆ ನೀವು ಓಡಾಡಿದ ಜಾಗ ನಕ್ಷೆಗೆ ಸೇರೋದೇ ಇಲ್ಲ. ನಕ್ಷೆಯಲ್ಲಿ ನೀವೆಲ್ಲಿದ್ದೀರಿ ಅಂತ ತೋರಿಸೋ ವೇವರ್ಡ್ ಕಂಪಾಸ್ ಚಾರ್ಮ್‌ಗೆ (ತಾಯಿತ) ಒಂದೇ ನಾಚ್, ಅಂದರೆ ಒಂದೇ ಜಾಗ ಸಾಕು. ದಾರಿ ರೂಢಿ ಆಗೋವರೆಗೆ ತೆಗೀಬೇಡಿ.

ಎರಡನೇ ಎಡವಟ್ಟು ನೈಲ್‌ದು, ಅಂದರೆ ನಿಮ್ಮ ಕತ್ತಿಯದು. ಶುರುವಿನ ನೈಲ್ ಏಟು 5. ಸಿಟಿ ಆಫ್ ಟಿಯರ್ಸ್ ಅಂಚಿನಲ್ಲಿರೋ ಕಮ್ಮಾರ 250 ಜಿಯೋಗೆ (ಅಲ್ಲಿನ ದುಡ್ಡು) ಅದನ್ನ 9 ಮಾಡಿಕೊಡ್ತಾನೆ, ಅದಿರು ಗಿದಿರು ಏನೂ ಕೇಳಲ್ಲ. ಹೆಚ್ಚುಕಮ್ಮಿ ಎರಡರಷ್ಟು ಏಟು! ಇದನ್ನ ಮಾಡಿಸದೆ ಮುಂದಿನ ಬಾಸ್‌ಗಳ ಹತ್ತಿರ ಹೋಗಿ 'ಇದಕ್ಕೆ ಜೀವ ಎಷ್ಟಪ್ಪಾ' ಅಂತ ಗೋಳಾಡೋರು ಬಹಳ. ಆಮೇಲಿನ ಮೆಟ್ಟಿಲುಗಳು 13, 17, 21. ಅವುಗಳಿಗೆ ಪೇಲ್ ಓರ್ ಅನ್ನೋ ಅದಿರು ಹುಡುಕಬೇಕು.

ಇದರ ಮುಂದಿನ ಭಾಗ ಸಿಲ್ಕ್‌ಸಾಂಗ್ ಬಗ್ಗೆ ಬೇರೆಯವರು ಬರೀಲಿ, ನನಗೆ ಅದರ ಮೇಲೆ ಸಿಟ್ಟಿದೆ.

ಗೋಕುಲಂ ಗೇಮ್‌ಪ್ಯಾಡ್:
ಸಿಟ್ಟು ಯಾಕೆ ಅಂತ ನಾನು ಹೇಳ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಸಿಲ್ಕ್‌ಸಾಂಗ್‌ನಲ್ಲಿ ನಾವು ಆಡಿಸೋ ಹಾರ್ನೆಟ್‌ಗೆ ಶುರುವಿಗೆ ಮಾಸ್ಕ್ (ಜೀವದ ಅಳತೆ) 5. ಬಾಸ್‌ಗಳ ಬಹುತೇಕ ಏಟಿಗೆ ಎರಡೆರಡು ಹೋಗುತ್ತೆ. ಲೆಕ್ಕ ಹಾಕಿ: ಐದಿದ್ದರೂ ಮೂರೇ ಏಟು. ಮೊದಲ ಮಾಸ್ಕ್ ಹೆಚ್ಚುವರಿ ಸಿಕ್ಕಿ ಆರಾದರೂ ಮೂರೇ ಏಟು! ಕಷ್ಟಪಟ್ಟು ಹುಡುಕಿದ ಬಹುಮಾನಕ್ಕೆ ಬೆಲೆನೇ ಇಲ್ಲ ಅನ್ನಿಸೋದು ಇಲ್ಲಿ.

ಆದರೆ ಇದರ ಇನ್ನೊಂದು ಮಗ್ಗುಲೂ ನೋಡಬೇಕು. ಹಾಲೋ ನೈಟ್‌ನಲ್ಲಿ ಒಂದು ಸಲಕ್ಕೆ ಒಂದೇ ಮಾಸ್ಕ್ ವಾಸಿ. ಇಲ್ಲಿ ಸಿಲ್ಕ್ 9 ಎಳೆ ಕೂಡಿದರೆ ಒಂದೇ ಬೈಂಡ್‌ಗೆ (ಗಾಯ ವಾಸಿ ಮಾಡಿಕೊಳ್ಳೋದು) ಮೂರು ಮಾಸ್ಕ್ ವಾಪಸ್, ಅದೂ ಗಾಳಿಯಲ್ಲಿದ್ದಾಗಲೇ. ಏಟು ಬಿದ್ದ ಗಾಬರಿಗೆ ಕೂಡಲೇ ಬೈಂಡ್ ಒತ್ತೋರು ಸಾಯ್ತಾರೆ, ಯಾಕಂದ್ರೆ ಮಧ್ಯೆ ಮತ್ತೊಂದು ಏಟು ಬಿದ್ದರೆ ಸಿಲ್ಕ್ ಹೋಯ್ತು, ವಾಸಿಯೂ ಆಗಲಿಲ್ಲ. ಬಾಸ್ ದೊಡ್ಡ ಏಟು ಬೀಸಿ ಮುಗಿಸಿದ ಮೇಲೆ ಮೇಲಕ್ಕೆ ಹಾರಿ ಬೈಂಡ್ ಮಾಡಿ.

ಕೆಳಗೆ ಓರೆಯಾಗಿ ಇಳಿಯೋ ಏಟು ಕೈಗೆ ಕೂರದಿದ್ದರೆ ಹೊಡೆಯೋ ರೀತಿ ಬದಲಿಸೋ ವಾಂಡರರ್ ಕ್ರೆಸ್ಟ್ ಹಾಕಿ, ಹಳೇ ಗೇಮ್ ಥರ ನೇರ ಕೆಳಕ್ಕೆ ಹೊಡೆಯುತ್ತೆ. ದುಡ್ಡಾಗಿ ನಡೆಯೋ ಜಪಮಣಿಗಳ ವಿಷಯ: ಬಿಡಿ ಮಣಿ ಸತ್ತರೆ ಉದುರುತ್ತೆ, ಸರ ಮಾಡಿಸಿದ್ದು ಉದುರಲ್ಲ. ಅಂಗಡಿಯಲ್ಲಿ 80 ಕೊಟ್ಟರೆ 60ರ ಸರ ಸಿಗುತ್ತೆ. ಬಡ್ಡಿ ವ್ಯಾಪಾರದಂಗೆ ಕಂಡರೂ ಬಾಸ್ ಹತ್ತಿರ ಹೋಗೋ ಮುಂಚೆ ಲಾಭವೇ.

ನನ್ನ ತೀರ್ಪು: ಕಾದಾಟ ಹಾಲೋ ನೈಟ್‌ಗಿಂತ ಮೇಲು. ಸತ್ತ ಮೇಲೆ ಮತ್ತೆ ಶುರುವಾಗೋ ಬೆಂಚಿನಿಂದ ಬಾಸ್‌ವರೆಗೆ ಓಡೋ ದಾರಿಗಳು ಮಾತ್ರ ಶುದ್ಧ ಕಾಟ.

ಚಾಮುಂಡಿ ಮೆಟ್ಟಿಲು:
ಆ ಓಟವೇ ನನ್ನ ಸಿಟ್ಟು. ಬಾಸ್ ಕಷ್ಟ ಇದ್ದರೆ ಕಲೀಬಹುದು. ದಾರಿಯಲ್ಲಿ ಕಲಿಯೋಕೆ ಏನಿದೆ? ಮೊದಲ ಪ್ಯಾಚ್‌ನಲ್ಲೇ (ತಿದ್ದುಪಡಿ) ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನೋ ಬಾಸ್‌ಗಳಿಬ್ಬರನ್ನೂ ಕೊಂಚ ಸುಲಭ ಮಾಡಿದರು. ಅಂದರೆ ಮಾಡಿದವರಿಗೂ ಹದ ತಪ್ಪಿದ್ದು ಗೊತ್ತಾಗಿದೆ.

ಪಾಂಡವಪುರ ಪಿಕ್ಸೆಲ್:
ನೀವೆಲ್ಲ ಬರೀ ಬಡಿದಾಟದಲ್ಲೇ ಇದೀರಲ್ಲಣ್ಣ. ಒಸಿ ಬೇಸಾಯದ ಕಡೆ ಬನ್ನಿ. ಸ್ಟಾರ್‌ಡ್ಯೂ ವ್ಯಾಲಿ, 2016ರದು, ಒಬ್ಬನೇ ಕುಂತು ಮಾಡಿರೋ ಗೇಮು.

ಒಂದು ಋತುಗೆ 28 ದಿನ. ಹೊಸಬರು ಎಡವೋದೇ ಇಲ್ಲಿ. 28ರ ರಾತ್ರಿ ಕಳೀತು ಅಂದ್ರೆ ಆ ಋತುವಿನ ಬೆಳೆ ಎಲ್ಲಾ ಒಣಗೋಯ್ತದೆ. ಕರ್ಬೂಜಕ್ಕೆ 12 ದಿನ ಬೇಕು, ಬೇಸಿಗೆ 16ರೊಳಗೆ ನೆಟ್ರೆ ಉಂಟು, 17ಕ್ಕೆ ನೆಟ್ರೆ ಬೀಜದ ಕಾಸೂ ಹೋಯ್ತು.

ಸ್ಟ್ರಾಬೆರಿ ಲೆಕ್ಕ ಕೇಳಿ. ವಸಂತದ 13ನೇ ತಾರೀಕು ಮೊಟ್ಟೆ ಹಬ್ಬದಲ್ಲಿ ಬೀಜ 100ಕ್ಕೆ ಒಂದು. ಅವತ್ತೇ ರಾತ್ರಿ ಮನೆಗೆ ಬಂದು ನೆಟ್ರೆ 21ಕ್ಕೊಂದು, 25ಕ್ಕೊಂದು, ಎರಡು ಕೊಯ್ಲು. ಹಣ್ಣು 120ರಂಗೆ ಗಿಡಕ್ಕೆ 240, ಬೀಜದ ಕಾಸು ಕಳೆದ್ರೆ 140 ಲಾಭ. ಅದೇ ಬೀಜವ ಪೆಟ್ಟಿಗೇಲಿ ಮಡಗಿ ಮುಂದಿನ ವರ್ಸ ವಸಂತದ ಮೊದಲ ದಿನ ನೆಟ್ರೆ 9, 13, 17, 21, 25, ಐದು ಕೊಯ್ಲು. ಮೊದಲ ವರ್ಸ ಕಾಸು ಕಮ್ಮಿ ಇರ್ತದೆ, ಒಸಿ ನೆಡಿ, ಒಸಿ ಮಡಗಿ.

ಹಬ್ಬ ಮುಗಿದ ಮೇಲೆ ಗೇಮ್ ನಿಮ್ಮನ್ನ ರಾತ್ರಿ 10ಕ್ಕೆ ಮನೆ ಮುಂದೆ ತಂದು ಬುಡ್ತದೆ. ನೆಲ ಬೆಳಗ್ಗೇನೇ ಅಗೆದು ನೀರು ಬುಟ್ಟು ಮಡಗಿರಿ. 2 ಗಂಟೆ ಆದ್ರೆ ಅಲ್ಲೇ ಬಿದ್ದೋಗ್ತೀರ, ಕಾಸೂ ಒಂದಷ್ಟು ಓಯ್ತದೆ.

ನೀರು ಹುಯ್ಯೋದ್ರಲ್ಲೇ ದಿನ ಓಯ್ತದೆ ಅನ್ನೋರಿಗೆ ಕ್ವಾಲಿಟಿ ಸ್ಪ್ರಿಂಕ್ಲರ್. ಬೇಸಾಯದ ಲೆವೆಲ್ 6 ಆದ್ರೆ ಬತ್ತದೆ. ಕಬ್ಬಿಣದ ಗಟ್ಟಿ 1, ಚಿನ್ನದ ಗಟ್ಟಿ 1, ರಿಫೈನ್ಡ್ ಕ್ವಾರ್ಟ್ಸ್ 1. ನಡುವೆ ಇಟ್ರೆ ಸುತ್ತ 8 ಚೌಕಕ್ಕೆ ನೀರು. ಮೊದಲು ಸಿಗೋ ಸಣ್ಣದು ನಾಲ್ಕು ದಿಕ್ಕಿಗೆ 4 ಚೌಕ ಅಷ್ಟೇ, ಅದಕ್ಕೆ ತಾಮ್ರ ದಂಡ ಮಾಡ್ಬೇಡಿ.

ಇನ್ನು ಕೊರತೆ. ಮಂಡ್ಯದೋರಿಗೆ ಹೊಟ್ಟೆ ಉರಿಯೋ ವಿಷಯ, ಕಬ್ಬೇ ಇಲ್ಲ ಕಣ್ರಣ್ಣ! ಬೀಟ್‌ರೂಟ್ ಗಿರಣಿಗೆ ಹಾಕಿ ಸಕ್ಕರೆ ತೆಗೀತಾರೆ, ಒಂದಕ್ಕೆ ಮೂರು. ಭತ್ತ ಒಂದು ಪರವಾಗಿಲ್ಲ, ಕೆರೆ ದಂಡೆಯಿಂದ ಮೂರು ಚೌಕದೊಳಗೆ ನೆಟ್ರೆ ನೀರು ಹುಯ್ಯಂಗಿಲ್ಲ, ಬೇಗನೂ ಬತ್ತದೆ. ನಾಲೆ ಬಯಲಿನೋರಿಗೆ ಅರ್ಥ ಆಯ್ತದೆ. ಎಲ್ಲಕ್ಕಿಂತ ದೊಡ್ಡ ಸುಳ್ಳು ಬೆಲೇದು. ಸಾವಿರ ಹಣ್ಣು ಸುರಿದ್ರೂ ರೇಟ್ ಬೀಳಕ್ಕಿಲ್ಲ. ಅಂತ ಮಂಡಿ ಎಲ್ಲದೆ? ಅದಕ್ಕೇ ಎರಡನೇ ವರ್ಸದ ಮೇಲೆ ಗೇಮು ಸಪ್ಪೆ. ಕಾಸು ತಾನಾಗೇ ಬತ್ತಿರ್ತದೆ, ಯೋಚನೆ ಮಾಡೋ ಕೆಲಸ ಇರಕ್ಕಿಲ್ಲ.

ವಿದ್ಯಾರಣ್ಯಪುರಂ 60ಎಫ್‌ಪಿಎಸ್:
ಪಿಕ್ಸೆಲ್ ಅಣ್ಣ, ಸ್ಟಾರ್‌ಡ್ಯೂ ಮಲಗಿದಾಗ ಮಾತ್ರ ಸೇವ್ ಆಗುತ್ತಲ್ಲ. ಸಂಜೆ ಕರೆಂಟ್ ಹೋದರೆ ಆ ದಿನ ಪೂರ್ತಿ ಹೋಯ್ತು. ಮನೆ ಇನ್ವರ್ಟರ್‌ಗೆ ಪಿಸಿ ಸಿಕ್ಕಿಸಿದರೂ ರೀಸ್ಟಾರ್ಟ್ ಆಗುತ್ತೆ ಅಂತ ಕೆಲವರು ಹೇಳ್ತಾರೆ, ಯಾಕೆ?

ಮೆಟಗಳ್ಳಿ ಮದರ್‌ಬೋರ್ಡ್:
ಇನ್ವರ್ಟರ್ ಹಿಂಭಾಗದಲ್ಲಿ ಒಂದು ಸ್ವಿಚ್ ಇರುತ್ತೆ, ನಾರ್ಮಲ್ ಮತ್ತು ಯುಪಿಎಸ್. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋಕೆ ಸಾಮಾನ್ಯವಾಗಿ 30-40 ಮಿಲಿಸೆಕೆಂಡ್ ಹಿಡಿಯುತ್ತೆ. ಫ್ಯಾನ್, ಲೈಟಿಗೆ ಅದು ಲೆಕ್ಕಕ್ಕಿಲ್ಲ. ಪಿಸಿಯ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಹಂಚೋ ಡಬ್ಬ) ಪೂರ್ತಿ ಲೋಡ್‌ನಲ್ಲಿ 16 ಮಿಲಿಸೆಕೆಂಡ್ ಆಸುಪಾಸು ಮಾತ್ರ ತಡೆದುಕೊಳ್ಳುತ್ತೆ. ಅದಕ್ಕೇ ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿದ್ದಾಗ ಬದುಕಿಕೊಳ್ಳೋ ಪಿಸಿ ಗೇಮ್ ಆಡುವಾಗ ಸಾಯೋದು. ಸ್ವಿಚ್ ಯುಪಿಎಸ್ ಕಡೆಗೆ ಹಾಕಿ. ಚೌಕ ತರಂಗದ ಹಳೇ ಇನ್ವರ್ಟರ್ ಆದರೆ ಪಿಸಿ ಸಿಕ್ಕಿಸಲೇಬೇಡಿ, ಪ್ಯೂರ್ ಸೈನ್ ವೇವ್ ಬೇಕು.

ಬೇರೆ ಯುಪಿಎಸ್ ತಗೊಳ್ಳೋರು ವಿಎ ನೋಡಿ ಮೋಸ ಹೋಗಬೇಡಿ, ವ್ಯಾಟ್ ನೋಡಿ. 600 ವಿಎ ಅಂತ ಬರೆದಿದ್ದರೆ ಸಿಗೋದು 360 ವ್ಯಾಟ್ ಆಸುಪಾಸು. ಮಧ್ಯಮ ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಸೇರಿ ಅದನ್ನ ದಾಟಿದರೆ ಅದು ಕೀ ಅಂತ ಕೂಗಿ ಆಫ್ ಆಗುತ್ತೆ. 1000 ವಿಎ ಮೇಲಕ್ಕೆ ಹೋಗಿ. ಆಗಲೂ ಸಿಗೋದು ಕೆಲವೇ ನಿಮಿಷ, ಸೇವ್ ಮಾಡಿ ಮುಚ್ಚೋಕೆ ಅಂತ ತಿಳ್ಕೊಳ್ಳಿ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತೆ.

ಇನ್ನೊಂದು. ಪಿಸಿ ಉಳಿದರೂ ಫೈಬರ್ ಡಬ್ಬ, ರೂಟರ್ ಆರಿಹೋದರೆ ಆನ್‌ಲೈನ್ ಮ್ಯಾಚ್ ಹೋಯ್ತು. ಅದಕ್ಕೆ 12 ವೋಲ್ಟ್ ಮಿನಿ ಯುಪಿಎಸ್ ಬೇರೆ ಇಡಬೇಕು.

ಅಶೋಕನಗರ ಎಕೆ47:
ಮ್ಯಾಚ್ ಮಧ್ಯೆ ಕರೆಂಟ್ ಹೋದರೆ ಕೌಂಟರ್-ಸ್ಟ್ರೈಕ್ 2 ನೆಪ ಕೇಳಲ್ಲ, ಸಮಯಕ್ಕೆ ವಾಪಸ್ ಬರದಿದ್ದರೆ ಕೂಲ್‌ಡೌನ್, ಅಂದರೆ ಸ್ವಲ್ಪ ಹೊತ್ತು ಆಡೋಕೆ ತಡೆ. ಮತ್ತೆ ಮತ್ತೆ ಆದರೆ ಗಂಟೆಗಟ್ಟಲೆ, ದಿನಗಟ್ಟಲೆ.

ಗೇಮ್ ಬಗ್ಗೆ ನನ್ನ ಅಭಿಪ್ರಾಯ: ಬಂದೂಕಿನ ಆಟ ಇವತ್ತಿಗೂ ಇದರಷ್ಟು ಪ್ರಾಮಾಣಿಕ ಇನ್ನೊಂದಿಲ್ಲ. ಗೇಮ್‌ನ ದುಡ್ಡಲ್ಲಿ 2700ರ ಎಕೆ ತಲೆಗೆ ಒಂದೇ ಗುಂಡು, ಹೆಲ್ಮೆಟ್ ಇದ್ದರೂ ಸತ್ತ. ಹೊಸಬರು ಸೋಲೋದಕ್ಕೆ ಮೌಸ್ ಕಾರಣ ಅಲ್ಲ, ಓಡುತ್ತಾ ಹೊಡೀತಾರೆ. ಬಲಕ್ಕೆ ಹೋಗ್ತಿದ್ದರೆ ಡಿ ಬಿಟ್ಟು ಎ ಒಂದು ಕ್ಷಣ ತಟ್ಟಿ, ನಿಂತ ಆ ಗಳಿಗೆಯಲ್ಲಿ ಹೊಡೀರಿ. ಕ್ರಾಸ್‌ಹೇರ್ (ಗುರಿಯ ಗುರುತು) ನೆಲ ನೋಡ್ತಾ ಇರಬಾರದು, ತಲೆಯ ಎತ್ತರದಲ್ಲೇ ಸಾಗಲಿ.

ಇನ್ನು ದುಡ್ಡು. ಮೊದಲಿನ ಪಿಸ್ತೂಲ್ ರೌಂಡ್ ಸೋತು ಮುಂದಿನದರಲ್ಲಿ ಒಬ್ಬ ಕೊಂಡು ನಾಲ್ವರು ಉಳಿಸಿದರೆ ಎರಡೂ ಕೆಟ್ಟಿತು. ಕೊಂಡರೆ ಐವರೂ ಕೊಳ್ಳಿ, ಉಳಿಸಿದರೆ ಐವರೂ ಉಳಿಸಿ. ಈಗ 13 ರೌಂಡ್‌ಗೇ ಗೆಲುವು, ಮೊದಲಿನ 16 ಅಲ್ಲ. ಒಂದು ತಪ್ಪು ಖರೀದಿ ಮುಂಚೆಗಿಂತ ದುಬಾರಿ.

ಕೊರತೆ ಒಂದೇ, ಕಳ್ಳಾಟ. ಗೋಡೆಯಾಚೆ ನೋಡೋ ವಾಲ್‌ಹ್ಯಾಕ್ ಹಾಕ್ಕೊಂಡು ಬರೋರಿಗೆ ಕಡಿವಾಣ ಸಾಲದು.

ಕೆಆರ್‌ಎಸ್ ಗೈರೋ:
ಮೊಬೈಲ್‌ನವರನ್ನ ಮರೀಬೇಡಿ. ಬಿಜಿಎಂಐ, ಪಬ್‌ಜಿಯ ಭಾರತದ ರೂಪ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧ ಆದ ಮೇಲೆ 2021ರ ಜುಲೈನಲ್ಲಿ ಬಂತು, 2022ರಲ್ಲಿ ಮಾಯ, 2023ರಲ್ಲಿ ವಾಪಸ್. ಗೇಮ್ ಚೆನ್ನಾಗಿದೆ, ಅಂಗಡಿ ಕೆಟ್ಟದ್ದು. ಕ್ರೇಟ್‌ಗೆ (ಅದೃಷ್ಟದ ಪೆಟ್ಟಿಗೆ) ಸುರಿಯೋ ದುಡ್ಡಿನಿಂದ ಗುರಿ ಒಂದಿಷ್ಟೂ ಸುಧಾರಿಸಲ್ಲ, ಬರೀ ಬಣ್ಣ.

ಫೋನ್ ಸಾಧಾರಣದ್ದಾದರೆ ಗ್ರಾಫಿಕ್ಸ್ 'ಸ್ಮೂತ್', ಫ್ರೇಮ್ ರೇಟ್ 'ಎಕ್ಸ್‌ಟ್ರೀಮ್' ಇಡಿ, 60 ಫ್ರೇಮ್ ಸಿಗುತ್ತೆ. ಎಚ್‌ಡಿಆರ್ ಆಸೆ ಬೇಡ. ಕೊನೆಯ ಸರ್ಕಲ್‌ನಲ್ಲಿ ಫ್ರೇಮ್ ಬೀಳೋದು ಬಿಸಿಯಿಂದ: ಪ್ರೊಸೆಸರ್ ತಾನಾಗೇ ವೇಗ ಇಳಿಸುತ್ತೆ. ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ, ಕವರ್ ಕಳಚಿ, ಬ್ರೈಟ್‌ನೆಸ್ ಇಳಿಸಿ.

ಎಂ416 ಬಂದೂಕಿಗೆ ಕಾಂಪೆನ್ಸೇಟರ್, ವರ್ಟಿಕಲ್ ಗ್ರಿಪ್, ಟ್ಯಾಕ್ಟಿಕಲ್ ಸ್ಟಾಕ್ ಮೂರೂ ಬಿದ್ದರೆ ಬೇರೆ ಬಂದೂಕೇ. ಗೈರೋ (ಫೋನ್ ವಾಲಿಸಿ ಗುರಿ ಇಡೋದು) ಕಲಿಯೋರು 'ಸ್ಕೋಪ್ ಆನ್' ಇಂದ ಶುರು ಮಾಡಿ, ಟ್ರೇನಿಂಗ್ ಮೈದಾನದಲ್ಲಿ ಒಂದೇ ಸ್ಕೋಪ್ ಹಿಡಿದು ಗೋಡೆಗೆ ಹೊಡೀರಿ. ಗುಂಡಿನ ಗುರುತು ಮೇಲಕ್ಕೆ ಏರಿದರೆ ಸೆನ್ಸಿಟಿವಿಟಿ ಹೆಚ್ಚಿಸಿ, ಕೆಳಕ್ಕೆ ಇಳಿದರೆ ಕಮ್ಮಿ. ಯೂಟ್ಯೂಬ್‌ನವರ ನಂಬರ್ ನಕಲು ಮಾಡಿದರೆ ಆಗಲ್ಲ; ಅವರ ಫೋನೇ ಬೇರೆ, ಹಿಡಿಯೋ ರೀತಿಯೇ ಬೇರೆ.

ಒಂಟಿಕೊಪ್ಪಲು ಓಲ್ಡ್‌ಸ್ಕೂಲ್:
ಕಷ್ಟ-ಕಾಟದ ಮಾತು ಬಂದಿದ್ದಕ್ಕೆ ಹಳೇ ಎರಡು ಮಿಷನ್ ತಗೊಳ್ಳೋಣ.

ಜಿಟಿಎ ವೈಸ್ ಸಿಟಿಯ (2002) ಆಟಿಕೆ ಹೆಲಿಕಾಪ್ಟರ್, ಡೆಮಾಲಿಷನ್ ಮ್ಯಾನ್. ಸೈಬರ್ ಸೆಂಟರ್ ಕಾಲದಲ್ಲಿ ಅರ್ಧ ಜನ ಅಲ್ಲಿಂದ ಮುಂದೆ ಹೋಗಲೇ ಇಲ್ಲ. ಗುಟ್ಟು ಇಷ್ಟೇ: ಮೊದಲ ಬಾಂಬ್ ಎತ್ತೋವರೆಗೂ ಸಮಯ ಓಡೋಕೆ ಶುರುವಾಗಲ್ಲ. ಹಾಗಾಗಿ ಖಾಲಿ ಹೆಲಿಕಾಪ್ಟರ್‌ನಲ್ಲೇ ಕಟ್ಟಡದೊಳಗೆ ಹೋಗಿ, ರೆಕ್ಕೆಯಿಂದ ಎಲ್ಲರನ್ನೂ ಮುಗಿಸಿ, ಮೆಟ್ಟಿಲ ದಾರಿ ಕಲ್ತುಕೊಂಡು, ಆಮೇಲೆ ನಾಲ್ಕು ಬಾಂಬ್ ಇಡಿ.

ಸ್ಯಾನ್ ಆಂಡ್ರಿಯಾಸ್‌ನ (2004) ರೈಲಿನ ಮಿಷನ್. ರೈಲಿಗೆ ಅಂಟಿಕೊಂಡು ಬೈಕ್ ಓಡಿಸಿದರೆ ಹಿಂದೆ ಕೂತ ಜೊತೆಗಾರ ಬಿಗ್ ಸ್ಮೋಕ್ ಹೊಡೆದ ಗುಂಡೆಲ್ಲ ಬೋಗಿಯ ಮೈಗೆ. ಬಲಕ್ಕೆ ಸ್ವಲ್ಪ ದೂರ ಇಟ್ಟುಕೊಂಡು ಮೇಲಿರೋರ ಜೊತೆ ಸಮಸಮ ಓಡಿಸಿ. ಪಿಸಿಯಲ್ಲಿ ಫ್ರೇಮ್ ಲಿಮಿಟರ್ ಆನ್ ಇರಲೇಬೇಕು. ಗಾಡಿ, ಈಜು ಎಲ್ಲದರ ಲೆಕ್ಕವೂ ಫ್ರೇಮ್‌ಗೆ ಕಟ್ಟಿದೆ, ಹೊಸ ಪಿಸಿಯಲ್ಲಿ ಅದನ್ನ ತೆಗೆದರೆ ನಾಯಕ ಸಿಜೆ ನೀರಲ್ಲಿ ಮುಂದಕ್ಕೇ ಹೋಗಲ್ಲ.

ಕುಕ್ಕರಹಳ್ಳಿ ಕಂಟ್ರೋಲರ್:
ಹೊಸ ಕಾಲದ ಕಾಟ ಅಂದರೆ ರೆಡ್ ಡೆಡ್ ರಿಡೆಂಪ್ಷನ್ 2 (2018). ಜಗತ್ತು ಅದ್ಭುತ, ಆರ್ಥರ್ ಮಾರ್ಗನ್ ಥರದ ಪಾತ್ರ ಸಿಗೋದು ಕಷ್ಟ. ಆದರೆ ಮಿಷನ್‌ನಲ್ಲಿ ನಿಮ್ಮ ಬುದ್ಧಿಗೆ ಕೆಲಸ ಇಲ್ಲ, ಹೇಳಿದ ದಾರಿ ಬಿಟ್ಟು ಹತ್ತು ಹೆಜ್ಜೆ ಇಟ್ಟರೆ ಫೇಲ್. ಉದ್ದದ ಸವಾರಿಗೆ ನಕ್ಷೆಯಲ್ಲಿ ಗುರುತು ಹಾಕಿ, ಕುದುರೆ ಓಡಿಸ್ತಾ ಸಿನಿಮಾ ಕ್ಯಾಮರಾ ಹಾಕಿ, ಅದೇ ದಾರಿ ಹಿಡಿಯುತ್ತೆ. ಪಿಸಿಗೆ 150 ಜಿಬಿ ಜಾಗ ಬೇಕು.

ವಿಚರ್ 3 (2015) ಕೂಡ ಅರ್ಧಂಬರ್ಧ. ಬರವಣಿಗೆಗೆ ನೂರಕ್ಕೆ ನೂರು, ಕತ್ತಿವರಸೆಗೆ ಐವತ್ತು. ಕ್ವೆನ್ ಅನ್ನೋ ರಕ್ಷಣೆಯ ಮಂತ್ರ ಹಾಕಿಕೊಂಡೇ ಕಾದಾಡಿ. ಮದ್ದು ಮತ್ತೆ ಮತ್ತೆ ಅರೆಯೋದು ಬೇಡ, ಚೀಲದಲ್ಲಿ ಗಡಸು ಮದ್ಯ ಒಂದಿದ್ದರೆ ಧ್ಯಾನಕ್ಕೆ ಕೂತಾಗ ಎಲ್ಲ ತುಂಬಿಕೊಳ್ಳುತ್ತೆ. ಸ್ಕೆಲಿಗೆ ಸಮುದ್ರದ ಪ್ರಶ್ನಾರ್ಥಕ ಚಿಹ್ನೆಗಳ ಹಿಂದೆ ಹೋಗಬೇಡಿ, ಬಹುಪಾಲು ಕಳ್ಳಸಾಗಣೆ ಪೆಟ್ಟಿಗೆಗಳು. ನಕ್ಷೆಯಲ್ಲಿ ಆ ಚಿಹ್ನೆಗಳನ್ನೇ ಆಫ್ ಮಾಡಿ.

ಸರಸ್ವತಿಪುರಂ ಸೇವ್‌ಪಾಯಿಂಟ್:
ನಮ್ಮ ಕಡೆಯ ಬದುಕಿರೋ ಗೇಮ್ ಯಾರೂ ಹೇಳಲಿಲ್ಲ. ವೆಂಬಾ (2023). ತಮಿಳು ಕುಟುಂಬ ಕೆನಡಾಗೆ ಹೋಗಿ ನೆಲೆಸೋದು, ಅಡುಗೆಯೇ ಒಗಟು. ಮೊದಲ ಒಗಟು ಇಡ್ಲಿ. ಅಲ್ಲಿ ಹಿಟ್ಟು ಹುಯ್ಯೋದು ಮುಖ್ಯ ಅಲ್ಲ, ತಟ್ಟೆ ಜೋಡಿಸೋದು: ಮೇಲಿನ ತಟ್ಟೆಯ ಕುಳಿ ಕೆಳಗಿನ ಇಡ್ಲಿ ಮೇಲೆ ಕೂರದ ಹಾಗೆ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಉಬ್ಬಿದ ಇಡ್ಲಿ ಮೇಲಿನದಕ್ಕೆ ಮೆತ್ತಿಕೊಳ್ಳುತ್ತೆ. ನಮ್ಮ ಮನೆಗಳಲ್ಲಿ ಯಾರೂ ಯೋಚಿಸದೆ ಮಾಡೋ ಕೆಲಸ, ಹೊರಗಿನವರಿಗೆ ಒಗಟು. ದೂರು: ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ, ಒಗಟುಗಳು ತೀರಾ ಸುಲಭ. ಸೇಲ್‌ನಲ್ಲಿ ಮಾತ್ರ ತಗೊಳ್ಳಿ.

ಪುಣೆಯವರ ರಾಜಿ (2020) ನೋಡೋಕೆ ಚೆಂದ, ತ್ರಿಶೂಲದ ಕಾದಾಟ ಚೆಂದ. ಕ್ಯಾಮರಾ ನಮ್ಮ ಕೈಲಿಲ್ಲದ ಕಾರಣ ಹಾರುವಾಗ ದೂರದ ಅಂದಾಜು ಸಿಗಲ್ಲ, ಸುಮ್ಮನೆ ಕೆಳಗೆ ಬೀಳ್ತೀರಿ. ಕಥೆ ಮುಗಿಯೋ ಹೊತ್ತಿಗೆ ಹಗ್ಗ ಕತ್ತರಿಸಿದ ಹಾಗೆ ನಿಂತುಬಿಡುತ್ತೆ.

ವಿದ್ಯಾರಣ್ಯಪುರಂ 60ಎಫ್‌ಪಿಎಸ್:
ಸಂಜೆ ಒಂದು ಗಂಟೆ ಮಾತ್ರ ಸಿಗೋರಿಗೆ, ಬೆರಳು ಅಷ್ಟು ಚುರುಕಿಲ್ಲದವರಿಗೆ ಯಾವುದು?

ಗೋಕುಲಂ ಗೇಮ್‌ಪ್ಯಾಡ್:
ಹೇಡಿಸ್ (2020). ಒಂದು ಓಟ ಅರ್ಧ ಗಂಟೆ ಆಸುಪಾಸು, ಕೋಣೆ ಮುಗಿದಲ್ಲೇ ಬಿಟ್ಟು ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಗಾಡ್ ಮೋಡ್ ಆನ್ ಮಾಡಿದರೆ ಏಟು ಮೊದಲಿಗೆ 20 ಪರ್ಸೆಂಟ್ ತಗ್ಗುತ್ತೆ, ಸತ್ತ ಪ್ರತಿ ಸಲ ಇನ್ನೂ 2 ಪರ್ಸೆಂಟ್, 80ರವರೆಗೆ. ಕಥೆಯಲ್ಲಿ ಏನೂ ಕಳ್ಕೊಳ್ಳಲ್ಲ.

ಸೆಲೆಸ್ಟ್ (2018) ಆದರೆ ಅಸಿಸ್ಟ್ ಮೋಡ್‌ನಲ್ಲಿ ಗೇಮ್‌ನ ವೇಗವನ್ನೇ 50 ಪರ್ಸೆಂಟ್‌ವರೆಗೆ ಇಳಿಸಬಹುದು. ಮೊದಲು 80ಕ್ಕೆ ಇಟ್ಟು ನೋಡಿ, ಅಷ್ಟರಲ್ಲೇ ಬೆರಳಿಗೆ ಬಿಡುವು ಸಿಗುತ್ತೆ. ಇನ್ಫಿನಿಟ್ ಸ್ಟ್ಯಾಮಿನಾ (ಮುಗಿಯದ ದಮ್ಮು) ಕೊನೆಗೆ ಹಾಕಿ. ಮೊದಲೇ ಹಾಕಿದರೆ ಗೋಡೆ ಹತ್ತೋ ಒಗಟುಗಳಿಗೆ ಅರ್ಥ ಇರಲ್ಲ.

ಪಾಂಡವಪುರ ಪಿಕ್ಸೆಲ್:
ಸೆಲೆಸ್ಟ್‌ನ ಕೀಬೋರ್ಡಲ್ಲಿ ಆಡೋರು ಮೊದಲು ಕೀ ಬದಲಾಯಿಸ್ಕೊಳ್ಳಿ. ಹಾರೋದು, ಡ್ಯಾಶು, ಗೋಡೆ ಹಿಡಿಯೋದು ಮೂರೂ ಅಕ್ಕಪಕ್ಕ ಬಂದ್ರೆ ಅಗ್ಗದ ಕೀಬೋರ್ಡು ಮೂರನ್ನೂ ಒಟ್ಟಿಗೆ ತಗಳಕ್ಕಿಲ್ಲ, ಒಂದು ಒತ್ತು ನುಂಗಾಕ್ತದೆ. ಗೋಡೆ ಹಿಡಿಯೋದನ್ನ ಎಡಗೈ ಶಿಫ್ಟ್‌ಗೆ ಹಾಕಿ, ಬಾಣದ ಕೀಲಿ ಬಲಗೈಗೆ ಬುಡಿ.